ಹುಣಸೆಬೀಜದ ಗಂಜಿ ಮತ್ತು ಗಾಳಿಯ ಜರಡಿ

ಎಂಬತ್ತರ ದಶಕದಲ್ಲಿ ಹರಪನಹಳ್ಳಿಯ ಒಂದು ಆಸ್ಪತ್ರೆಗೆ ನಮ್ಮ ಪ್ರಯೋಗಾಲಯದ ಯಂತ್ರ ಒಯ್ದಿದ್ದೆ. ಗಾಳಿ ಸೋಸಿ, ಉಬ್ಬಸದವರಿಗೆ ಆಮ್ಲಜನಕ ಹೆಚ್ಚಿರುವ ಗಾಳಿ ಕೊಡುವ ಯಂತ್ರ. ಸೋಸುತ್ತಿದ್ದದ್ದು ಒಂದು ಹಾಳೆ: ಕಣ್ಣಿಗೆ ಕಾಣದ ತೂತುಗಳ ಪ್ಲಾಸ್ಟಿಕ್ಕು, ಅದರ ಮೇಲೆ ಇನ್ನೊಂದು ಪಾಲಿಮರಿನ ಲೇಪ. ಆ ಲೇಪ ಮತ್ತೆ ಬಿರುಕು ಬಿಟ್ಟಿತ್ತು.

ಕಟ್ಟೆಯ ಮೇಲೆ ಕೂತು ಹಾಳೆಯನ್ನು ಬೆಳಕಿಗೆ ಹಿಡಿದಿದ್ದೆ. ಉಬ್ಬಸದ ಗಂಡನನ್ನು ಕರೆತಂದಿದ್ದ, ಕಂಬಳಿ ನೇಯುವ ಅಜ್ಜಿಯೊಬ್ಬಳು ಅದನ್ನು ಇಸಿದುಕೊಂಡು ಹೆಬ್ಬೆರಳಾಡಿಸಿದಳು.

"ಒಂದಾ ಸರ್ತಿಗೆ ದಪ್ಪ ಬಳದೀಯೇನಪ್ಪ?"

"ಹೌದಜ್ಜಿ, ಗಟ್ಟಿ ಇರಲಿ ಅಂತ."

"ಅದಕ್ಕಾ ಬಿರುಕು ಬಿಟ್ಟೈತಿ. ನೂಲಿಗೆ ಹುಣಸಿಬೀಜದ ಗಂಜಿ ದಪ್ಪ ಹಚ್ಚಿದ್ರೂ ಹಿಂಗಾ ಆಗತೈತಿ. ನೀರು ಮಾಡಿಕೊಂಡು ತೆಳ್ಳಗ ಎರಡು ಸರ್ತಿ ಹಚ್ಚು. ಅವಸರ ಮಾಡಬ್ಯಾಡ." ಒಳಗೆ, ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದ ಗಂಡ ಕೆಮ್ಮಿದ. "ಆದ್ರ ಲಗೂನ ತಗಂಡು ಬಾ."

ಹದಿನೈದು ದಿನಕ್ಕೆ, ತೆಳ್ಳಗೆ ಎರಡು ಸಲ ಲೇಪ ಹಚ್ಚಿದ ಹೊಸ ಹಾಳೆ ತಂದೆ. ಮೊದಲ ಗಾಳಿ ಅವಳ ಮುದುಕನಿಗೇ ಹೋಯಿತು. ಸ್ವಲ್ಪ ಹೊತ್ತಿಗೆ ಅವನು ಮುಖದ ಕೊಳವೆ ಸರಿಸಿ, "ನಿಮಗೂ ಬುದ್ಧಿ ಹೇಳ್ಯಾಳಂತಲ್ರಿ, ಯಾರನ್ನೂ ಬಿಡಂಗಿಲ್ಲ ನೋಡ್ರಿ ಇಕಿ" ಎಂದು ಒಂದೇ ಉಸಿರಿಗೆ ಅಂದ.

ನಾನು ಯಂತ್ರದ ಆಮ್ಲಜನಕದ ಮೀಟರು ನೋಡುವುದನ್ನೇ ಬಿಟ್ಟೆ.