ಮಾತ್ರೆ ಮರೆತಿದ್ದೋ, ಬಿಟ್ಟಿದ್ದೋ?

ಅರಸೀಕೆರೆಯಲ್ಲಿ ನಮ್ಮ ಬೀದಿಯ ಕೊನೆಗೇ ಮೆಡಿಕಲ್ ಸ್ಟೋರ್ ಇದೆ. ಬಿಪಿ ಮಾತ್ರೆಯನ್ನು ಅಲ್ಲೇ ಕೊಳ್ಳುತ್ತಿದ್ದೆ, ನಾಲ್ಕು ಜನರ ಎದುರು, ಜೋರು ದನಿಯಲ್ಲಿ. ಇನ್ನೊಂದು ಮಾತ್ರೆಗೆ ಮಾತ್ರ ಬಸ್ಸು ಹತ್ತಿ ಹಳೇಬೀಡಿಗೆ ಹೋಗುತ್ತಿದ್ದೆ.

ಅದು ಖಿನ್ನತೆಯ ಮಾತ್ರೆ. (ಬರೆದೇಬಿಟ್ಟೆ ನೋಡಿ.)

ಯಾರಾದರೂ ಕೇಳಿದರೆ ಅಲ್ಲೇ ಪಕ್ಕದ ಬಸ್ತಿಹಳ್ಳಿಯ ಬಸದಿ ನೋಡಲು ಹೊರಟೆ ಎನ್ನುತ್ತಿದ್ದೆ. ತಿಂಗಳು ತಿಂಗಳೂ ಅದೇ ಬಸದಿ! ಕಳೆದ ಸಲ ಕಂಡಕ್ಟರ್ ಕೇಳಿಯೇಬಿಟ್ಟ: "ಯಾಕ್ ಸಾರ್, ಅಲ್ಲೇನಾದ್ರೂ ಕಂಬ ಎಣಿಸೋ ಕೆಲ್ಸ ಕೊಟ್ಟವ್ರಾ?"

ಅವತ್ತು (ಎರಡು ವಾರವಾಯಿತೋ, ಮೂರೋ?) ಅಂಗಡಿಯಲ್ಲಿ ಐದೇ ಮಾತ್ರೆ ಕತ್ತರಿಸಿ ಕೊಡಿ ಎಂದೆ, ಬೇಕೆನಿಸಿದಾಗ ನುಂಗಲು. ಫಾರ್ಮಸಿಸ್ಟ್ ಶೈಲಾ ಕತ್ತರಿ ಎತ್ತಲಿಲ್ಲ. ಡಾಕ್ಟರ ಚೀಟಿ ತಿರುಗಿಸಿದರು. ಮಾತ್ರೆ ಕೊಟ್ಟಾಗಲೆಲ್ಲ ಚೀಟಿಯ ಹಿಂದೆ ತಾರೀಖು ಬರೆಯುವುದು ಅವರ ಪದ್ಧತಿ. ನನ್ನನ್ನು ಕೌಂಟರಿನ ಆ ತುದಿಗೆ, ಫ್ರಿಜ್ಜಿನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ಹದಿನೈದು ದಿನದ ಹಿಂದೇನೇ ಬರ್ಬೇಕಿತ್ತಲ್ಲ ಸಾರ್. ಮರೆತ್ರಾ, ಬಿಟ್ರಾ?"

ಮರೆತೆ ಎಂದೆ. ನಂಬುವಂಥದ್ದೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸ್ ಓಡುವವನು ನಾನು. ಆದರೆ ಇದು ಮರೆವೇ? ನಿದ್ದೆ ಬಂತು, ನಗು ಬಂತು, ಮಾತ್ರೆ ಇನ್ನು ಯಾಕೆ ಅನ್ನಿಸಿತು. ಯೂನಿವರ್ಸಿಟಿಯಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತವನು ಆ "ಇನ್ನು ಯಾಕೆ"ಯನ್ನು ಮಾತ್ರ ಅನುಮಾನಿಸಲಿಲ್ಲ. ಕೆಲವೇ ದಿನಕ್ಕೆ ತಲೆಸುತ್ತು. ಆಮೇಲೆ ಬೆಳಿಗ್ಗೆ ಏಳುವಾಗಿನ ಅದೇ ಹಳೆಯ ಭಾರ.

ಬಿಟ್ಟೆ ಎಂದು ತಿದ್ದಿ ಹೇಳಿದೆ.

ಉಪದೇಶಕ್ಕೆ ಕಾದೆ. ಬರಲಿಲ್ಲ. ಹುಷಾರಾದ ಮೇಲೆ ಬಿಡುವವರು ಬಹಳ ಜನ, ಹುಷಾರಾಗಿದ್ದು ಮಾತ್ರೆಯಿಂದಲೂ ಇರಬಹುದಲ್ಲ ಎಂದರು. ಇದು ತಲೆನೋವಿನ ಮಾತ್ರೆಯಲ್ಲ. ಬಿಡುವುದಿದ್ದರೂ ಡಾಕ್ಟರನ್ನು ಕೇಳಿಕೊಂಡು ನಿಧಾನವಾಗಿ ಬಿಡಬೇಕಂತೆ. ಮತ್ತೆ ಹೇಗೆ ಶುರು ಮಾಡುವುದೆಂದು ತಾವು ಹೇಳುವಂತಿಲ್ಲ ಎಂದು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದರು. ಡಾಕ್ಟರು ಹೇಳಿದ್ದನ್ನು ಶೈಲಾ ಬರೆದುಕೊಟ್ಟರು. ಮಾತ್ರೆಯ ಶೀಟಿನ ಹಿಂದೆ ಮಾರ್ಕರಿನಲ್ಲಿ ಸೋಮ, ಮಂಗಳ, ಬುಧ. ನನ್ನ ಜ್ಞಾಪಕಶಕ್ತಿಗೆ ರಜೆ!

ಬೇರೆ ಮಾತ್ರೆ ಏನಾದರೂ ತಗೊಳ್ಳುತ್ತೀರಾ ಎಂದರು. ಬಿಪಿ ಮಾತ್ರೆ, ಊರಿನ ಅಂಗಡಿಯದು ಎಂದೆ.

"ಅವ್ರಿಗೆ ಈ ಮಾತ್ರೆ ಗೊತ್ತಿಲ್ಲ, ನನಗೆ ಆ ಮಾತ್ರೆ ಗೊತ್ತಿರ್ಲಿಲ್ಲ. ಎರಡೂ ಹೋಗೋದು ಒಂದೇ ಹೊಟ್ಟೆಗಲ್ವಾ ಸಾರ್?"

ಮನೆಗೆ ಬಂದು ಎರಡೂ ಚೀಟಿಗಳನ್ನು ಒಂದೇ ಕವರಿಗೆ ಹಾಕಿಟ್ಟೆ.

ಮೊನ್ನೆ ಬೀದಿ ಕೊನೆಯ ಅಂಗಡಿಯಲ್ಲಿ ಎರಡೂ ಚೀಟಿ ಒಟ್ಟಿಗೆ ಕೊಟ್ಟೆ. ದನಿ ಸ್ವಲ್ಪ ತಗ್ಗಿತ್ತು, ನಿಜ. ಅಂಗಡಿಯವರು ಎರಡನ್ನೂ ಓದಿ, ಎರಡನ್ನೂ ಕೊಟ್ಟರು. ಹಿಂದೆ ನಿಂತಿದ್ದವರು ನನ್ನ ಭುಜದ ಮೇಲಿಂದ ತಮ್ಮ ಚೀಟಿ ಚಾಚಿದರು. ಅಷ್ಟೆ. ಇಷ್ಟಕ್ಕಾಗಿ ಹಳೇಬೀಡಿಗೆ ಹೋಗುತ್ತಿದ್ದೆನೇ?

ಈಗ ಉಳಿದಿರುವುದು ಒಂದೇ ಚಿಂತೆ: ಆ ಕಂಡಕ್ಟರ್ ಸಿಕ್ಕರೆ ಏನು ಹೇಳಲಿ, ಕಂಬ ಎಣಿಸಿ ಮುಗಿಯಿತೆಂದೇ?