ದಲ್ಲಾಳಿಯ ಗಂಟಲು

ನರಿನ್ ಊರಿನ ನಮ್ಮ ಆಸ್ಪತ್ರೆಯಲ್ಲಿ ಮಾತು ತಿದ್ದುವವಳು ಬುರುಲ್ಚಾ. ‘ರ’ ಬಾರದ ಮಕ್ಕಳ ನಾಲಗೆ ಪಳಗಿಸುವುದೇ ಅವಳ ಕೆಲಸ. ಅವಳಿಗೆ ಕಲಿಸಿದ್ದೂ ಅಷ್ಟೇ. ನಾನು ಪಕ್ಕದ ಕೋಣೆಯ ನರ್ಸು.

ಹೋದ ಚಳಿಗಾಲ ಅವಳ ಬಳಿಗೆ ದನದ ಸಂತೆಯ ದಲ್ಲಾಳಿ ಶೈಲೋಬೆಕ್‌ನನ್ನು ಕಳಿಸಿದರು. ಸಂತೆಯನ್ನೇ ನಡುಗಿಸುತ್ತಿದ್ದ ಗಂಟಲು ಅವನದು. ಈಗ ನರಗಳನ್ನು ತಿನ್ನುವ, ಮದ್ದಿಲ್ಲದ ರೋಗ ನಾಲಗೆಗೂ ಗಂಟಲಿಗೂ ಇಳಿದಿತ್ತು. ಕೈಗಳು ಮಾತ್ರ ಗಟ್ಟಿಯಾಗಿದ್ದವು. ಬುರುಲ್ಚಾ ತನಗೆ ಬಂದದ್ದನ್ನೇ ಮಾಡಿಸಿದಳು: ನಾಲಗೆ ಹೊರಳಿಸು, ಮೇಣದಬತ್ತಿ ಊದು.

ಅವನು ಬೆವೆತು ಹೋದ. “ತಂಗೀ, ನಾನೇನು ಬಾಲವಾಡಿ ಮಗೂನಾ?” ಎಂದದ್ದು ತೊದಲಿ ತೊದಲಿ ಹೊರಬಂತು. ಆಮೇಲೆ ಚಹಾ ಕುಡಿಯಹೋಗಿ ನೆತ್ತಿಗೇರಿ, ಮುಖ ನೀಲಿಗಟ್ಟಿತು.

ಅವಳು ಮುಖ್ಯವೈದ್ಯ ಎರ್ಮೆಕ್‌ನ ಬಳಿಗೆ ಓಡಿದಳು. “ನಂಗಿದು ಬರಲ್ಲ. ಯಾರಾದ್ರೂ ಕಲಿಸ್ಬೇಕು.”

“ಶುಕ್ರವಾರ ತರಬೇತಿ ಇದೆಯಲ್ಲಮ್ಮಾ!”

ತರಬೇತಿ ಕೊಡಲು ರಾಜಧಾನಿಯಿಂದ ಬಂದವಳು ಬಣ್ಣಬಣ್ಣದ ಮೆದುಳಿನ ಚಿತ್ರ ತೋರಿಸಿದಳು. ಬುರುಲ್ಚಾ ಎದ್ದು ನಿಂತಳು: “ನನ್ನ ರೋಗಿಗೆ ಚಹಾ ಇಳಿಯಲ್ಲ. ನಾಳೆ ಏನು ಕುಡಿಸ್ಲಿ?”

“ಅದು ಇವತ್ತಿನ ವಿಷಯ ಅಲ್ಲ. ಮೊದ್ಲು ಆತ್ಮವಿಶ್ವಾಸ ಬೆಳೆಸ್ಕೊಳ್ಳಿ. ಎಲ್ರೂ ಹೇಳಿ: ನಾನು ಮಾಡಬಲ್ಲೆ!”

ಮೂವತ್ತು ಹೆಂಗಸರು ಚಪ್ಪಾಳೆ ತಟ್ಟಿ ಕೂಗಿದೆವು. ಆಮೇಲೆ ಕುರಿಮಾಂಸದ ಊಟ, ಜಿಡ್ಡುಗೈಯಲ್ಲೇ ಪ್ರಮಾಣಪತ್ರ. ಬುರುಲ್ಚಾ ಹೊರಗೆ ಹಿಮದ ಮೇಲೆ ಕ್ಯಾಕರಿಸಿ ಉಗಿದಳು. “ಥೂ! ಗಂಟಲು ಕಟ್ಟಿ ಸಾಯೋನಿಗೆ ಈ ಚಪ್ಪಾಳೆ ಕುಡಿಸ್ಲಾ?”

“ಸುಮ್ಮನಿರು ಎಜೆ, ಕೇಳಿಸ್ಕೊಂಡಾರು,” ಎಂದೆ. ನನಗಿಂತ ದೊಡ್ಡವಳಾದ್ದರಿಂದ ನಾನು ಅವಳನ್ನು ಎಜೆ ಎಂದೇ ಕರೆಯುವುದು.

“ಕೇಳಿಸ್ಕೊಳ್ಳಲಿ!”

ಗಡಿಯಾಚೆ ಅಲ್ಮಾಟಿ ನಗರದ ದೊಡ್ಡಾಸ್ಪತ್ರೆಯಲ್ಲಿದ್ದ ಸಹಪಾಠಿಗೆ ಫೋನು ಮಾಡಿದಳು. ಆಕೆ ಬೈದಳು: “ಮೇಣದಬತ್ತಿ ಬಿಸಾಕು! ದಣಿಸಿದ್ರೆ ಇನ್ನೂ ಸೋಲ್ತಾನೆ. ಕುಡಿಯೋದನ್ನ ಮಂದ ಮಾಡಿ ನೋಡು. ಮಾತಿಗೆ ಬೇರೆ ದಾರಿ ಹುಡುಕು.” ಅಂದಿನಿಂದ ಬುರುಲ್ಚಾ ಅವಳಿಗೆ ಫೋನು ಮಾಡುತ್ತಲೇ ಇದ್ದಳು.

ನನ್ನನ್ನೂ ಕರೆದುಕೊಂಡು ಶೈಲೋಬೆಕ್‌ನ ಮನೆಗೆ ಹೋಗಿ ಅವಳು ಮೊದಲು ಹೇಳಿದ್ದು ಇದು: “ಬೈಕೆ, ಅಣ್ಣನ ಸಮಾನ ನೀವು. ನಾನು ಮಾಡಿಸಿದ್ದು ತಪ್ಪು.” ಹಿಟ್ಟು ಬೆರೆಸಿ ಕಾಯಿಸಿದ ಏಪ್ರಿಕಾಟ್ ರಸವನ್ನು ಗದ್ದ ತಗ್ಗಿಸಿ, ಚಮಚ ಚಮಚವಾಗಿ ನುಂಗಿಸಿದಳು. ಇಳಿಯಿತು. ಅವನ ಹೆಂಡತಿ ಬಾಗಿಲಿಗೆ ಆತು ಅತ್ತಳು. ರಟ್ಟಿನ ಮೇಲೆ ಅಕ್ಷರ ಬರೆದುಕೊಟ್ಟರೆ ಅವನು ಬೆರಳಿಟ್ಟು ತೋರಿಸಿದ್ದು: ಸಂತೆಗೆ ಕರ್ಕೊಂಡು ಹೋಗು.

ಹೋದೆವು. ಕೊಳ್ಳುವವನ ಕೈ, ಮಾರುವವನ ಕೈ ಒಟ್ಟಿಗೆ ಹಿಡಿದು ಹಳೆಯ ಹುರುಪಿನಲ್ಲೇ ಕುಲುಕಿದ. ಮಾರುವವನು ಬೆಲೆ ಇಳಿಸಲೊಪ್ಪದೆ ಹೋದಾಗ ರಟ್ಟಿನ ಅಕ್ಷರಗಳ ಮೇಲೆ ಬೆರಳಾಡಿಸಿದ, ಬುರುಲ್ಚಾ ಗಟ್ಟಿಯಾಗಿ ಓದಿದಳು: ಇದು ಕುದುರೆನಾ, ನಿನ್ನ ಅತ್ತೇನಾ? ಸಂತೆ ಗೊಳ್ಳೆಂದಿತು. ವ್ಯಾಪಾರ ಕುದುರಿತು.

ಶರತ್ಕಾಲದಲ್ಲಿ ಉಸಿರು ಸೋತು ಅವನು ತೀರಿಕೊಂಡ. ತಿಂಗಳಾಗಿರಲಿಲ್ಲ, ಸಂತೆಯಲ್ಲಿ ಯಾರೋ ತೆಗೆದ ಅವನ ಫೋಟೋವನ್ನು ಎರ್ಮೆಕ್ ದೊಡ್ಡ ಬ್ಯಾನರು ಮಾಡಿ ಆಸ್ಪತ್ರೆ ಬಾಗಿಲಲ್ಲಿ ಕಟ್ಟಿಸಿದ: ‘ನಮ್ಮ ತರಬೇತಿಯ ಫಲ’.

“ಸತ್ತೋನ ಮುಖ ಮಾರ್ತೀರಾ? ತೆಗೀರಿ!” ಎಂದಳು ಬುರುಲ್ಚಾ.

“ನಿಂಗೇ ಹೆಸರು ಬಂತಲ್ಲಮ್ಮಾ!” ಎಂದು ಅವನು ನಕ್ಕ.

ಅವಳು ಸಂಬಳವಿಲ್ಲದ ರಜೆ ಹಾಕಿ ಅಲ್ಮಾಟಿಗೆ ಹೊರಟಳು, ಗೆಳತಿಯ ವಾರ್ಡಿನಲ್ಲಿ ನಿಂತು ಕಲಿಯಲು. ಆ ಬ್ಯಾನರು ಇನ್ನೂ ಇದೆ. ಅದರಡಿ ಹಾದು ಒಳಗೆ ಹೋಗುವ ಮುನ್ನ ನಾನೂ ಎಜೆಯ ಹಾಗೆ ಕ್ಯಾಕರಿಸಿ ಉಗಿಯುತ್ತೇನೆ.