ಕೊನೆಯ ಪುಟದ ನಿಜಾಮಸಾಬ

ರಾವ್‌ಸಾಹೇಬರೊಬ್ಬರಿಗೆ ನೆಗಡಿಯಾದರೆ ನಮ್ಮ ಪತ್ರಿಕೆಗಳು ಅರ್ಧ ಅಂಕಣ ಬಿಟ್ಟುಕೊಡುತ್ತವೆ. ನೆಗಡಿ ವಾಸಿಯಾದರೆ ಇನ್ನರ್ಧ. ಗೋಕಾಕದಲ್ಲಿ ಪುಸ್ತಕ ಕಟ್ಟುವ ನಿಜಾಮಸಾಬನ ಹೆಸರು ಹಿಡಿದು ಮೂವತ್ತು ವರ್ಷಗಳಲ್ಲಿ ಒಂದು ಸಾಲೂ ಅಚ್ಚಾಗಿಲ್ಲ. ಈ ಸೀಮೆಯವರ ಹರಿದ ಪುಸ್ತಕಗಳನ್ನೆಲ್ಲ ಹೊಲಿದು ನಿಲ್ಲಿಸಿದವನು ಅವನು. ಈ ವಾರದ ಅಂಕಣ ಅವನದು. ನೆಗಡಿಯವರು ಮುಂದಿನ ವಾರದ ತನಕ ಮೂಗು ಒರೆಸಿಕೊಂಡಿರಲಿ.

ಇನ್ನೊಂದು ಕಾರಣವೂ ಇದೆ. ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದಿದೆ. ಹೊಸ ಕಾದಂಬರಿ ಯಾವುದು ಬರುತ್ತದೆ, ಎಂದು ಬರುತ್ತದೆ ಎಂದು ಓದುಗರು ನನಗೆ ಕಾರ್ಡು ಬರೆಯುತ್ತಾರೆ. ನನಗೇನು ಗೊತ್ತು? ಬಂದ ಪುಸ್ತಕಗಳ ಪಂಡಿತರು ಊರಿಗೆ ಹತ್ತು ಮಂದಿ ಇದ್ದಾರೆ. ಬಾರದ ಪುಸ್ತಕಗಳ ಪಂಡಿತ ನಿಜಾಮಸಾಬ ಒಬ್ಬನೇ.

ಅವನ ಪಾಂಡಿತ್ಯ ಹುಟ್ಟಿದ್ದು ಕಸದಿಂದ. ಕಾದಂಬರಿಯ ಕೊನೆಯ ಹಾಳೆಯಲ್ಲಿ ಪ್ರಕಾಶಕರು 'ಅಚ್ಚಿನಲ್ಲಿದೆ', 'ಸದ್ಯದಲ್ಲೇ ಹೊರಬೀಳಲಿದೆ' ಎಂದು ಮುಂದಿನ ಪುಸ್ತಕಗಳ ಜಾಹೀರಾತು ಹಾಕುತ್ತಾರಷ್ಟೆ. ಹಳೆಯ ಪುಸ್ತಕವನ್ನು ಮತ್ತೆ ಕಟ್ಟುವಾಗ ಬೇರೆ ಕಟ್ಟುಗಾರರು ಆ ಹಾಳೆ ಹರಿದು ಪುಸ್ತಕದ ಬೆನ್ನಿನೊಳಗೆ ಮೆತ್ತಿಬಿಡುತ್ತಾರೆ, ಬೆನ್ನು ಗಟ್ಟಿಯಾಗಲೆಂದು. ನಿಜಾಮಸಾಬ ಅದನ್ನು ಒಂದು ದಪ್ಪ ವಹಿಯಲ್ಲಿ ಅಂಟಿಸಿ ಇಟ್ಟುಕೊಂಡ. ಅಂಟು ಕುದಿಸುವವಳು ಅವನ ಹೆಂಡತಿ ಮೆಹಬೂಬಿ. ಹುಳ ಬೀಳದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾಳೆ. "ನಮ್ಮ ಮನಿ ಜ್ವಾಳಕ್ಕ ಹುಳ ಬಿದ್ದಾವ್ರಿ, ಈ ಇಲ್ಲದ ಪುಸ್ತಕದ ಪುಸ್ತಕಕ್ಕ ಮಾತ್ರ ಒಂದೂ ಬಿದ್ದಿಲ್ಲ" ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಒಂದು ದಿನ ಮೂಡಲಗಿ ಸಂತೆ, ಒಂದು ದಿನ ಹುಕ್ಕೇರಿ ಸಂತೆ. ತಗಡಿನ ಟ್ರಂಕಿನಲ್ಲಿ ಪಂಚಾಂಗ, ಅಂಕಲಿಪಿ, ನಾಲ್ಕಾರು ಕಾದಂಬರಿ. ಹುಕ್ಕೇರಿಯಲ್ಲಿ ಅವನ ಜಾಗ ಗುರುಲಿಂಗಪ್ಪ ಗೌಡರ ವಾಡೆಯ ಮುಂದಿನ ಬೇವಿನ ಕಟ್ಟೆ. ಅಲ್ಲಿ ಕೂತು ವಹಿ ತೆರೆದು, ಯಾವುದೋ ಜಾಹೀರಾತಿನ ಒಂದು ಸಾಲು ಓದುತ್ತಿದ್ದ. ಆಮೇಲೆ ವಹಿ ಮುಚ್ಚಿ, ಇನ್ನೂ ಬಾರದ ಆ ಪುಸ್ತಕದ ಕಥೆಯನ್ನು ಸಂತೆ ಕರಗುವ ತನಕ ಹೇಳುತ್ತಿದ್ದ.

'ಅದ್ಭುತರಮ್ಯ ಕಾದಂಬರಿ, ಮಾಯಾಮಂಚದ ವೃತ್ತಾಂತ, ಸಚಿತ್ರ.' ಅಚ್ಚಾಗಿದ್ದದ್ದು ಇಷ್ಟು. ನಿಜಾಮಸಾಬನ ಬಾಯಲ್ಲಿ ಆ ಮಂಚ ಏಳು ಸಮುದ್ರ ದಾಟಿತು, ಮೋಡದಲ್ಲಿ ಸಿಕ್ಕಿಬಿತ್ತು, ಒಂದು ಕಾಲು ಮುರಿದು ರಿಪೇರಿಗೆಂದು ಸಂಕೇಶ್ವರದ ಬಡಿಗನ ಮನೆ ಮುಂದೆ ಇಳಿಯಿತು.

"ಆ ಮಂಚದಾಗ ತಗಣಿ ಅದಾವೇನ್ರಿ ಸಾಬರ?" ಎಂದು ಕೇಳಿದ ಗಿರಣಿ ಕೆಲಸದ ಕರೆಪ್ಪ.

"ಇರದ ಏನಪಾ? ಮಂಚ ಅಂದಮ್ಯಾಲ ಅದಾವ. ಆದ್ರ ಅವೂ ಹಾರತಾವ."

ಇದು ಮೋಸವಲ್ಲವೇ ಎಂದು ನಾನು ಒಮ್ಮೆ ಗದರಿದ್ದೆ. "ಮೋಸ ಹೆಂಗಾತ್ರಿ? ಹೊಲಕ್ಕ ನೀರ ಬರೂದಕ್ಕಿಂತ ಮೊದಲ ಕಾಲಿವಿ ತೋಡತಾರೋ ಇಲ್ಲೋ? ನಾ ಕಾಲಿವಿ ತೋಡಾಕತ್ತೇನಿ" ಎಂದ.

ಮೂವತ್ತನಾಲ್ಕನೇ ಇಸವಿಯಲ್ಲಿ ಧಾರವಾಡದ ಒಬ್ಬ ಪ್ರಕಾಶಕರಿಂದ ಅವನಿಗೆ ಕಾರ್ಡು ಬಂತು. ಹೊಳೆದಂಡೆಯ ಒಂದು ಕೋಟೆಯ ಮುತ್ತಿಗೆಯ ಮೇಲೆ ಐತಿಹಾಸಿಕ ಕಾದಂಬರಿ ತಯಾರಾಗಿದೆ. ನೂರು ಮಂದಿ ಮುಂಗಡವಾಗಿ ಹೆಸರು ಕೊಟ್ಟರೆ ಅಚ್ಚಿಗೆ ಹೋಗುತ್ತದೆ. ಹೆಸರು ಕೊಟ್ಟವರ ಪಟ್ಟಿ, ಕೊಟ್ಟ ಕ್ರಮದಲ್ಲೇ, ಪುಸ್ತಕದ ಕೊನೆಯಲ್ಲಿ ಅಚ್ಚಾಗುತ್ತದೆ. ಆ ಮುತ್ತಿಗೆಯ ಕಥೆಯನ್ನು ನಿಜಾಮಸಾಬ ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಹುಕ್ಕೇರಿಯ ಕಟ್ಟೆಯ ಮೇಲೆ ಕಾರ್ಡು ಓದಿ ಮುಗಿಸುವುದರೊಳಗೆ ಗುಂಪು ಸೀಳಿಕೊಂಡು ಬಂದವಳು ಅಲ್ಲವ್ವ. ಎದುರಿಗೇ ಬದನೆಕಾಯಿ ಗುಡ್ಡೆ ಹಾಕಿ ಮಾರುತ್ತಿದ್ದ, ಅರವತ್ತರ ಆಸುಪಾಸಿನ ಹೆಂಗಸು.

"ಬರಕೋ ಸಾಬಣ್ಣ, ನಂದು."

"ಅಲ್ಲವ್ವಕ್ಕಾ, ನಿನಗ ಓದಾಕ ಬರೂದಿಲ್ಲ. ಪುಸ್ತಕ ತಗೊಂಡ ಏನ ಮಾಡತಿ?"

"ಓದಾಕ ಬಂದವರು ಏನ ಮಾಡ್ಯಾರ? ನೀ ಬರಕೋ." ಆಮೇಲೆ ದನಿ ತಗ್ಗಿಸಿದಳು. "ಹೊಲದ ಉತಾರದ ಕಾಗದದಾಗ ಗಂಡನ ಹೆಸರಿತ್ತು. ಅಂವ ಹ್ವಾದಮ್ಯಾಲ ಮೈದುನಂದು ಬಂತು. ಮಗಳ ಲಗ್ನಪತ್ರಿಕಿಯೊಳಗ ಮಾವಂದು. ಇಷ್ಟ ವರ್ಷಾತು, ನನ್ನ ಹೆಸರ ಎಲ್ಲೂ ಕಾಗದ ಹತ್ತಿಲ್ಲ. ಒಮ್ಮೆ ಹತ್ತಲಿ."

ನಿಜಾಮಸಾಬ ಪೆನ್ಸಿಲ್ಲಿನ ತುದಿ ನೆಕ್ಕಿ ಬರೆದುಕೊಂಡ: ಒಂದು. ಅಲ್ಲವ್ವ, ಕಾಯಿಪಲ್ಲೆ, ಹುಕ್ಕೇರಿ.

ಎರಡು ತಿಂಗಳಲ್ಲಿ ಗಿರಣಿಯವರು, ನೇಕಾರರು, ಮೂಡಲಗಿಯ ಮಾಸ್ತರರು ಸೇರಿ ಪಟ್ಟಿ ಎಪ್ಪತ್ತಮೂರಕ್ಕೆ ಬಂದು ನಿಂತಿತು. ಮುಂದೆ ಹೋಗಲೊಲ್ಲದು. ಆಗ ವಾಡೆಯ ಮೆಟ್ಟಿಲಿಳಿದು ಗುರುಲಿಂಗಪ್ಪ ಗೌಡರು ಬಂದರು.

"ನಾ ಹೆಸರ ಕೊಟ್ರ ನನ್ನ ಹಿಂದ ಮೂವತ್ತ ಮಂದಿ ಕೊಡತಾರ. ಆದ್ರ ಮೂರ ಮಾತು. ನನ್ನ ಹೆಸರ ಎಲ್ಲಾರಕಿಂತ ಮೊದಲ. ಆ ಬದನಿಕಾಯಿ ಮುದಿಕಿ ಹೆಸರ ಇರಬಾರದು, ನಾ ಆಕಿ ಪಂಕ್ತಿಯೊಳಗ ಕುಂದರಾವಲ್ಲ. ಮತ್ತ ನಮ್ಮ ಮುತ್ತ್ಯಾ ಕೆಂಚಪ್ಪಗೌಡ್ರು ಆ ಕ್ವಾಟಿ ಕಾಳಗದಾಗ ಕಡದಾಡ್ಯಾರ. ಅದು ಪುಸ್ತಕದಾಗ ಬರಬೇಕು."

"ಕಡದಾಡ್ಯಾರೇನ್ರಿ?"

"ಆಡಿರತಾರ."

"ಬರದಾತನ್ನ ಕೇಳಬೇಕಲ್ರಿ ಗೌಡ್ರ."

"ಪುಸ್ತಕ ಇನ್ನೂ ಅಚ್ಚ ಆಗಿಲ್ಲ ಹೌದಲ್ಲ? ಅಂದಮ್ಯಾಲ ಇತಿಹಾಸ ಇನ್ನೂ ಮುಗದಿಲ್ಲ. ಸೇರಸು. ಇಲ್ಲಾಂದ್ರ ಬರೂ ಸಂತಿಗೆ ಈ ಕಟ್ಟಿ ಮ್ಯಾಲ ನಿನ್ನ ಟ್ರಂಕ್ ಕಾಣಬಾರದು."

ನಗಬೇಡಿ. ನಮ್ಮಲ್ಲಿ ಎಷ್ಟೋ ಇತಿಹಾಸ ಬರೆದದ್ದು ಹೀಗೆಯೇ, ಯಾರದೋ ಕಟ್ಟೆಯ ನೆರಳಿಗಾಗಿ.

"ಆಗಲ್ರಿ ಗೌಡ್ರ" ಎಂದ ನಿಜಾಮಸಾಬ. ಇಡೀ ಸಂತೆ ಕೇಳಿಸಿಕೊಂಡಿತು. ಅಲ್ಲವ್ವನೂ ಕೇಳಿಸಿಕೊಂಡಳು. ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು, ಆದರೆ ಅವನಿಗೆ ಕೇಳುವಂತೆ ಗಿರಾಕಿಗಳಿಗೆ ಹೇಳುತ್ತಿದ್ದಳು: "ಆ ಕಾಯಿ ಬ್ಯಾಡ ತಂಗಿ. ಹೊರಗ ಮಿರಿಮಿರಿ, ಒಳಗ ಹುಳಕ. ಸಾಬಣ್ಣನ ಹಂಗ."

ನಾನೂ ಹಿಂದೆ ಬೀಳಲಿಲ್ಲ. ಗೌಡರ ನೆರಳಿಗೆ ಮುದುಕಿಯ ಹೆಸರು ಮಾರಿದ ಹೇಡಿ ಎಂದು ಇದೇ ಅಂಕಣದಲ್ಲಿ ಅವನ ಹೆಸರು ಹೇಳದೆ ಉಗಿದೆ. ಅವನು ಆ ಪತ್ರಿಕೆಯನ್ನು ನನ್ನ ಕೈಯಿಂದಲೇ ಕೇಳಿ ಇಸಿದುಕೊಂಡು ಜೋಪಾನವಾಗಿ ಮಡಚಿಟ್ಟ. "ಬೆನ್ನಿಗೆ ಹಚ್ಚಾಕ ಗಟ್ಟಿ ಕಾಗದ ಬೇಕಾಗಿತ್ತರಿ" ಎಂದ.

ಗೌಡರೂ ಅವರ ಮಂದಿಯೂ ಹೆಸರು ಕೊಟ್ಟರು. ಪಟ್ಟಿ ಧಾರವಾಡಕ್ಕೆ ಹೋಯಿತು. ದೀಪಾವಳಿಯ ಹೊತ್ತಿಗೆ ಅಚ್ಚಾದ ಹಾಳೆಗಳ ಗಂಟು ರೈಲಿನಲ್ಲಿ ಘಟಪ್ರಭಾಕ್ಕೆ ಬಂದಿಳಿಯಿತು. ಹಾಳೆಗಳನ್ನು ಬಿಡಿಯಾಗಿಯೇ ಕಳಿಸಿ, ನಮ್ಮ ಕಡೆಯ ಪ್ರತಿಗಳನ್ನು ನಾನೇ ಕಟ್ಟುತ್ತೇನೆ ಎಂದು ನಿಜಾಮಸಾಬ ಮೊದಲೇ ಬರೆದಿದ್ದ. ಮೂರು ವಾರ ಗಂಡ ಹೆಂಡತಿ ಇಬ್ಬರೂ ಕೂತು ಹೊಲಿದರು. ಎಲ್ಲ ಪ್ರತಿಗಳಿಗೂ ಸಾದಾ ರಟ್ಟು. ಒಂದಕ್ಕೆ ಮಾತ್ರ ಕೆಂಪು ಬಟ್ಟೆ, ಬಂಗಾರದ ಅಕ್ಷರ.

ಹಂಚುವ ದಿನ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಗೌಡರು ತಮ್ಮ ಕೆಂಪು ಪುಸ್ತಕವನ್ನು ಮೂಡಲಗಿಯ ಲಗಮಪ್ಪ ಮಾಸ್ತರರ ಕೈಗಿಟ್ಟು, "ಮೊದಲ ಮುತ್ತ್ಯಾನ ಪುಟ ಓದ್ರಿ, ಮಂದಿ ಕೇಳಲಿ" ಎಂದರು. ಓದು ಬಲ್ಲವರು ತಮ್ಮ ತಮ್ಮ ಪ್ರತಿ ತೆರೆದು ಬೆರಳಿಟ್ಟು ಕೂತರು. ಮಾಸ್ತರರು ಗಂಟಲು ಸರಿಮಾಡಿಕೊಂಡರು.

"'ಆಗ ವೀರಾಗ್ರಣಿಗಳಾದ ಕೆಂಚಪ್ಪಗೌಡರು ಒಬ್ಬರೇ ನುಗ್ಗಿ ಏಳು ಮಂದಿ ಸರದಾರರನ್ನು ಕಡಿದು, ವೈರಿ ಸೇನಾಪತಿಯ ರುಂಡವನ್ನು ಚೆಂಡಿನಂತೆ ಹೊಳೆಗೆ ಎಸೆದರು!'"

ಗೌಡರು ಮೀಸೆಗೆ ಕೈ ಹಾಕಿದರು. ಮಾಸ್ತರರು ಪುಟ ತಿರುವಿದರು.

"'ಸೇನಾಪತಿಯು ಬೆಳಗಿನ ರೊಟ್ಟಿಯನ್ನು ಮುರಿಯುತ್ತ, ಇಂದಾದರೂ ಕಾಳಗ ಪ್ರಾರಂಭವಾದೀತೇ ಎಂದು ಕೇಳಿದನು.'"



"ತಲಿ ಹೊಳ್ಯಾಗ ಬಿದ್ದೈತಿ," ಎಂದ ಕರೆಪ್ಪ, "ರೊಟ್ಟಿ ಯಾ ಬಾಯಿಲೆ ತಿಂತಾನ್ರಿ ಮಾಸ್ತರ?"

ನಗೆ ಕಟ್ಟೆಯಿಂದ ಶುರುವಾಗಿ ಉಳ್ಳಾಗಡ್ಡಿ ಸಾಲಿನವರೆಗೆ ಹೋಯಿತು. ಕರೆಪ್ಪ ತನ್ನ ಪ್ರತಿಯನ್ನು ಎತ್ತಿ ತೋರಿಸಿದ. "ನಮ್ಮ ಪುಸ್ತಕದಾಗ ಕೆಂಚಪ್ಪಗೌಡ್ರ ಇಲ್ಲರಿ! ಮೂವತ್ತೆಂಟ ಆದಮ್ಯಾಲ ಸೀದಾ ಮೂವತ್ತೊಂಬತ್ತ ಐತಿ. ನಿಮ್ಮದರಾಗ?"

ಮಾಸ್ತರರು ಹಿಂದೆ ಮುಂದೆ ತಿರುವಿದರು. ಸತ್ಯವಂತರು, ಪಾಪ. "ಮೂವತ್ತೆಂಟ... ಆಮ್ಯಾಲ ನಂಬರ ಇಲ್ಲದ್ದೊಂದ ಹಾಳಿ... ಆಮ್ಯಾಲ ಮೂವತ್ತೊಂಬತ್ತ."

ಆ ನಂಬರಿಲ್ಲದ ಹಾಳೆ ಅಚ್ಚಾದದ್ದು ಗೋಕಾಕದಲ್ಲಿ, ಲಗ್ನಪತ್ರಿಕೆ ಹೊಡೆಯುವ ಒಂದು ಸಣ್ಣ ಅಚ್ಚುಕೂಟದಲ್ಲಿ, ಒಂದೇ ಒಂದು ಪ್ರತಿ. ಅದರೊಡನೆ ಗೌಡರ ಹೆಸರು ಮೊದಲಿಗಿದ್ದು ಅಲ್ಲವ್ವನ ಹೆಸರಿಲ್ಲದ ಪಟ್ಟಿಯೂ ಒಂದೇ ಪ್ರತಿ. ಎರಡನ್ನೂ ನಿಜಾಮಸಾಬ ಕೆಂಪು ಬಟ್ಟೆಯೊಳಗೆ ಸೇರಿಸಿ ಹೊಲಿದಿದ್ದ.

"ಏನೋ ಇದು, ಸಾಬ?" ಗೌಡರು ಮೀಸೆಯಿಂದ ಕೈ ತೆಗೆದರು.

"ನೀವು ಹೇಳಿದ್ದೆಲ್ಲಾ ಐತ್ರಿ ಗೌಡ್ರ. ನಿಮ್ಮದು ವಿಶೇಷ ಪ್ರತಿ. ಬಟ್ಟಿ ಬ್ಯಾರೆ, ಹಾಳಿ ಬ್ಯಾರೆ. ಈ ಮಂದೀದು ಸಾದಾ ಪ್ರತಿ, ಬರದಾತ ಬರದದ್ದಷ್ಟ ಐತಿ. ನಿಮಗೂ ಸಾದಾನ ಬೇಕಂದ್ರ ಕೊಡ್ರಿ ಇಲ್ಲೆ, ಈಗ ಬಿಚ್ಚಿ ಆ ಹಾಳಿ ತಗದ ಕೊಡತೇನಿ." ಎಂದವನೇ ಸೊಂಟದಿಂದ ಚೂರಿ ತೆಗೆದ.

ಗೌಡರು ಮಾಸ್ತರರ ಕೈಯಿಂದ ಪುಸ್ತಕ ಕಸಿದು ಎದೆಗೆ ಅವಚಿಕೊಂಡರು. ಹಾಳೆ ಉಳಿಸಿಕೊಂಡರೆ ನಗೆ, ಕಿತ್ತರೆ ಮುತ್ತಜ್ಜ ಹೋದ. ಮುತ್ತಜ್ಜನನ್ನು ಉಳಿಸಿಕೊಂಡು ವಾಡೆಯ ಮೆಟ್ಟಿಲು ಹತ್ತಿದರು. ಆ ಪುಸ್ತಕದ ಬೆನ್ನಿನೊಳಗೆ ಏನಿದೆಯೆಂದು ನಿಜಾಮಸಾಬ ಆಮೇಲೆ ನನಗೊಬ್ಬನಿಗೇ ಹೇಳಿದ: ಅವನನ್ನು ಹೇಡಿ ಎಂದ ನನ್ನ ಅಂಕಣ. "ಭಾಳ ಗಟ್ಟಿ ಕೂತೈತ್ರಿ." ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ಅಲ್ಲವ್ವ ತನ್ನ ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಸಾದಾ ಪ್ರತಿಯ ಪಟ್ಟಿಯಲ್ಲಿ ಏನಿದೆಯೋ ಅವಳಿಗೆ ತಿಳಿಯದು. ಯಾರನ್ನೂ ನೋಡದೆ ಪುಸ್ತಕವನ್ನು ಮಾಸ್ತರರ ಮುಂದೆ ಹಿಡಿದಳು. "ಕಡೀ ಪುಟ ಓದ್ರಿ. ಇಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ."

ಮಾಸ್ತರರು ಓದಿದರು. "ಒಂದು. ಅಲ್ಲವ್ವ, ಕಾಯಿಪಲ್ಲೆ, ಹುಕ್ಕೇರಿ."

"ಇನ್ನೊಮ್ಮೆ ಓದ್ರಿ."

ಓದಿದರು. ಗೌಡರ ಹೆಸರು ಎಪ್ಪತ್ತನಾಲ್ಕನೆಯದು ಎಂದೂ ಹೇಳಿದರು. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಎಲ್ಲಿ ಐತಿ, ತೋರಸ್ರಿ." ಆ ಸಾಲಿನ ಮೇಲೆ ಬೆರಳಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ನಿಜಾಮಸಾಬನತ್ತ ತಿರುಗಿದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಬದಲಾಗಿರಲಿಲ್ಲ. "ನನ್ನ ಮುಂದರೆ ಒಂದ ಮಾತ ಹೇಳಬೇಕಿಲ್ಲೇನೋ, ಹುಳಕ ಬದನಿಕಾಯಿ!"

"ಹೇಳಿದ್ರ ನಿನ್ನ ಬಾಯಾಗ ನಿಲ್ಲತಿತ್ತೇನಕ್ಕಾ?"

ಮುಂದಿನ ಸಂತೆಗೆ ಅವನ ಟ್ರಂಕನ್ನು ಗೌಡರ ಆಳು ಕಟ್ಟೆಯಿಂದ ಕೆಳಗಿಳಿಸಿದ. ನಿಜಾಮಸಾಬ ಅದನ್ನು ಹೊತ್ತುಕೊಂಡು ಹೋಗಿ ಬಿಸಿಲಿನಲ್ಲಿ, ಬದನೆಕಾಯಿ ಗುಡ್ಡೆಯ ಪಕ್ಕದಲ್ಲಿ ಇಟ್ಟ. ಅಲ್ಲವ್ವ ತನ್ನ ಗೋಣಿತಟ್ಟಿನ ನೆರಳನ್ನು ಅವನ ಕಡೆಗೆ ಅರ್ಧ ಎಳೆದು ಕಟ್ಟಿದಳು. ಕೇಳುವ ಮಂದಿಯೂ ಅಲ್ಲಿಗೇ ಬಂದಿತು. ಬೇವಿನ ನೆರಳು ಗೌಡರಿಗೂ ಅವರ ವಿಶೇಷ ಪ್ರತಿಗೂ ಉಳಿಯಿತು.

ಅದಾಗಿ ಹತ್ತು ವರ್ಷ. ಹೋದ ಸಂತೆಗೆ ಹೋಗಿದ್ದೆ. ತಟ್ಟು ಅದೇ, ಟ್ರಂಕು ಅದೇ. ಮಾಯಾಮಂಚ ಇನ್ನೂ ಅಚ್ಚಿನಲ್ಲೇ ಇದೆ. ಅಂದು ಅದು ಕೃಷ್ಣೆಯ ಮೇಲೆ ಹಾರುತ್ತಿತ್ತು.

"ಸಾಬಣ್ಣ, ಆ ಮಂಚದ ಪುಸ್ತಕ ನಾ ಇರೂತನಾ ಬರತೈತೇನೋ?" ಎಂದಳು ಅಲ್ಲವ್ವ.

"ಕಾಗದ ಸಿಕ್ಕರ ಬರತೈತಕ್ಕಾ."

"ಬರಲಿ, ಬಿಡಲಿ. ನನ್ನ ಹೆಸರ ಬರಕೋ. ಮೊದಲ ನಂದು."

"ಅದನ್ನ ಎಂದೋ ಬರದೇನಿ. ಎರಡನೇದೂ ಆತು." ನಿಜಾಮಸಾಬ ವಹಿಯನ್ನು ನನ್ನ ಕಡೆಗೆ ತಿರುಗಿಸಿ, ಬೇವಿನ ಕಟ್ಟೆಯ ಕಡೆ ಹುಬ್ಬು ಹಾರಿಸಿದ. "ಗೌಡ್ರದು. ಸಾದಾ ಪ್ರತಿ ಸಾಕು ಅಂತ ಹೇಳಿಕಳಿಸ್ಯಾರ."